ಐದು ಪಾಲಿಸಿ ಇದೆ, ನಾವು ಸೇಫಾ ಸರ್?

ಪ್ರಶ್ನೆ: ನಮಸ್ಕಾರ ಸರ್. ತುಮಕೂರಿನಲ್ಲಿ ನಾನೂ ನಮ್ಮ ಯಜಮಾನರೂ ಬೇಕರಿ ನಡೆಸುತ್ತೇವೆ. ಮೊದಲು ಬಾಡಿಗೆ ಅಂಗಡಿಯಲ್ಲಿದ್ದೆವು. ಎರಡು ವರ್ಷದ ಹಿಂದೆ ಹೋಮ್ ಲೋನ್ ಮಾಡಿ ಮನೆ ಕಟ್ಟಿಸಿದೆವು. ಈಗ ಕೆಳಗೆ ಬೇಕರಿ, ಮೇಲೆ ಮನೆ. ಆರು ಜನ ಹುಡುಗರು ಕೆಲಸಕ್ಕಿದ್ದಾರೆ. ಹೋದ ವರ್ಷ ನಮ್ಮ ಬೀದಿಯ ಬಟ್ಟೆ ಅಂಗಡಿಗೆ ಬೆಂಕಿ ಬಿತ್ತು. ಅವರಿಗೆ ಇನ್ಶೂರೆನ್ಸ್ ಇತ್ತು. ಆದರೂ ಬಂದ ದುಡ್ಡು ನಷ್ಟದ ಅರ್ಧಕ್ಕಿಂತ ಕಡಿಮೆಯಂತೆ. ಅವತ್ತಿನಿಂದ ನನಗೆ ನಿದ್ದೆ ಸರಿಯಾಗಿ ಬರುತ್ತಿಲ್ಲ. ನಮ್ಮ ಹತ್ತಿರ ಹೋಮ್ ಲೋನ್ ಜೊತೆ ಬ್ಯಾಂಕಿನವರು ಮಾಡಿಸಿದ 25 ಲಕ್ಷದ ಪಾಲಿಸಿ ಇದೆ. ಸಿಸಿ ಸಾಲಕ್ಕೆ, ಅಂದರೆ ಮಾಲಿನ ಮೇಲೆ ವ್ಯಾಪಾರಕ್ಕೆ ತೆಗೆದ ಬ್ಯಾಂಕ್ ಸಾಲಕ್ಕೆ, ಮಾಡಿಸಿದ 8 ಲಕ್ಷದ ಬೆಂಕಿ ವಿಮೆ ಇದೆ. ಅಣ್ಣನಿಂದ ಕೊಂಡ ಮಾರುತಿ ಈಕೋ ಗಾಡಿಗೆ ಫುಲ್ ಇನ್ಶೂರೆನ್ಸ್ ಇದೆ. ನಮ್ಮಿಬ್ಬರಿಗೂ ಮಕ್ಕಳಿಗೂ ಸೇರಿ 3 ಲಕ್ಷದ ಆರೋಗ್ಯ ವಿಮೆ ಇದೆ. ಖಾತೆಯಿಂದ ವರ್ಷಕ್ಕೆ 436 ಮತ್ತು 20 ರೂಪಾಯಿ ಕಟ್ ಆಗುವ ಸರ್ಕಾರದ ವಿಮೆಯೂ ಇದೆ. ಏಜೆಂಟರನ್ನು ಕೇಳಿದರೆ ಇನ್ನೊಂದು ಪಾಲಿಸಿ ಮಾಡಿಸಿ ಅಂತಾರೆ. ನಾವು ನಿಜವಾಗಿಯೂ ಸೇಫಾ ಸರ್? ಏನಾದರೂ ಕೊರತೆ ಇದ್ದರೆ ಮೊದಲು ಯಾವುದನ್ನು ಸರಿ ಮಾಡಬೇಕು?

ಉತ್ತರ: ಅಮ್ಮ, ನೀವು ಕಳಿಸಿದ ಐದೂ ಪಾಲಿಸಿಯ ಫೋಟೋಗಳನ್ನು ಎರಡು ಸಲ ಓದಿದೆ. ನೇರವಾಗಿ ಹೇಳಿಬಿಡುತ್ತೇನೆ. ಇವತ್ತು ರಾತ್ರಿ ನಿಮ್ಮ ಬೇಕರಿಗೆ ಬೆಂಕಿ ಬಿದ್ದರೆ ಈ ಐದರಲ್ಲಿ ಯಾವುದೂ ಕೈ ಹಿಡಿಯುವ ಸ್ಥಿತಿಯಲ್ಲಿ ಇಲ್ಲ. ಇದನ್ನು ಓದಿ ಎದೆ ಒಡೆದುಕೊಳ್ಳಬೇಡಿ. ಬೆಂಕಿಯ ವಿಷಯದ ದೊಡ್ಡ ತೂತನ್ನು ಮುಚ್ಚಲು ಒಂದು ಪತ್ರ ಸಾಕು.

ನಾನು ಇಪ್ಪತ್ತೆರಡು ವರ್ಷ ಸರ್ವೇಯರ್ ಆಗಿ ಕೆಲಸ ಮಾಡಿದವನು. ಬೆಂಕಿ ಆರಿದ ಮೇಲೆ, ನೀರು ಇಳಿದ ಮೇಲೆ, ಕಳ್ಳರು ಹೋದ ಮೇಲೆ ಅಲ್ಲಿಗೆ ಹೋಗಿ ನಷ್ಟದ ಲೆಕ್ಕ ಹಾಕುವ ಕೆಲಸ. ಹೋದ ಕೂಡಲೇ ನಾವು ನೋಡುತ್ತಿದ್ದದ್ದು ನಾಲ್ಕು ವಿಷಯ. ಪಾಲಿಸಿ ಯಾರ ಹೆಸರಲ್ಲಿದೆ, ಯಾವ ಜಾಗಕ್ಕಿದೆ, ಯಾವ ಬಳಕೆಗಿದೆ, ಎಷ್ಟು ಬೆಲೆಗಿದೆ. ಪಾಲಿಸಿ ಮಾಡಿಸಿದ ದಿನ ಈ ನಾಲ್ಕೂ ಸಾಮಾನ್ಯವಾಗಿ ಸರಿಯಾಗೇ ಇರುತ್ತವೆ. ಆಮೇಲೆ ಅಂಗಡಿ ಬೇರೆ ಕಡೆ ಹೋಗುತ್ತದೆ. ಹೊಸ ಓವನ್ ಬರುತ್ತದೆ. ಮನೆ ಗಾಡಿಯಲ್ಲಿ ಬ್ರೆಡ್ ಟ್ರೇ ಹೋಗಲು ಶುರುವಾಗುತ್ತದೆ. ಪಾಲಿಸಿ ಮಾತ್ರ ಪ್ರತಿ ವರ್ಷ ಹಳೇ ವಿವರದಲ್ಲೇ ರಿನ್ಯೂ ಆಗುತ್ತಾ ಹೋಗುತ್ತದೆ. ನಿಮ್ಮ ಮನೆಯಲ್ಲೂ ಹೀಗೇ ಆಗಿದೆ. ಒಂದೊಂದಾಗಿ ನೋಡೋಣ.

ಬೇಕರಿಯ ಬೆಂಕಿ ವಿಮೆ

ನಿಮ್ಮ 8 ಲಕ್ಷದ ಪಾಲಿಸಿಯ ಮೊದಲ ಪುಟದಲ್ಲಿ 'ರಿಸ್ಕ್ ಲೊಕೇಶನ್' ಅಂತ ಒಂದು ಸಾಲು ಇದೆ. ಅಲ್ಲಿರುವುದು ನಿಮ್ಮ ಹಳೇ ಬಾಡಿಗೆ ಅಂಗಡಿಯ ವಿಳಾಸ. ಮೇಲ್ಗಡೆ ಪತ್ರ ವ್ಯವಹಾರದ ವಿಳಾಸ ಹೊಸ ಮನೆಯದ್ದು, ಅದಕ್ಕೇ ನಿಮ್ಮ ಕಣ್ಣಿಗೆ ಬಿದ್ದಿಲ್ಲ. ವಿಮಾ ಕಂಪನಿಯ ಲೆಕ್ಕದಲ್ಲಿ ನಿಮ್ಮ ಮೈದಾ, ಡಾಲ್ಡಾ, ಡ್ರೈಫ್ರೂಟ್ ಎಲ್ಲ ಈಗಲೂ ಹಳೇ ಅಂಗಡಿಯಲ್ಲೇ ಇವೆ. ಹೊಸ ಜಾಗದಲ್ಲಿ ಸುಟ್ಟುಹೋದ ಮಾಲಿಗೆ ಆ ಪಾಲಿಸಿ ಉತ್ತರ ಕೊಡಬೇಕಾಗಿಲ್ಲ. ಸಿಸಿ ಸಾಲದ ಪಾಲಿಸಿಗಳಲ್ಲಿ ಇದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಬ್ಯಾಂಕು ವರ್ಷಕ್ಕೊಮ್ಮೆ ಖಾತೆಯಿಂದ ಪ್ರೀಮಿಯಂ ತೆಗೆದು ತಾನೇ ರಿನ್ಯೂ ಮಾಡಿಬಿಡುತ್ತದೆ. ಪಾಲಿಸಿ ಬ್ಯಾಂಕಿನ ಫೈಲಿನಲ್ಲಿ ಇರುತ್ತದೆ. ಅಂಗಡಿಯವರು ಅದನ್ನು ಮೊದಲ ಸಲ ಓದುವುದೇ ಬೆಂಕಿ ಬಿದ್ದ ಮೇಲೆ.

ಎರಡನೆಯದು, ಅದರಲ್ಲಿ ಬರೆದಿರುವುದು 'ಸ್ಟಾಕ್' ಅಂತ ಮಾತ್ರ. ಓವನ್, ಹಿಟ್ಟು ಕಲೆಸುವ ಮಿಷನ್, ಡೀಪ್ ಫ್ರೀಜರ್, ಗಾಜಿನ ಕೌಂಟರ್ ಯಾವುದೂ ಸ್ಟಾಕ್ ಅಲ್ಲ. ನಿಮ್ಮ ಲೆಕ್ಕದ ಪ್ರಕಾರ ಇವೆಲ್ಲ ಸೇರಿ 9 ಲಕ್ಷ. ಅಂದರೆ ಮಾಲಿಗಿಂತ ಮಿಷನ್ನಿನ ಬೆಲೆಯೇ ಜಾಸ್ತಿ, ಅದಕ್ಕೆ ಒಂದು ರೂಪಾಯಿಯ ವಿಮೆಯೂ ಇಲ್ಲ. ಬ್ಯಾಂಕು ಸಾಲ ಕೊಟ್ಟದ್ದು ಸ್ಟಾಕಿನ ಮೇಲೆ. ಹಾಗಾಗಿ ವಿಮೆ ಮಾಡಿಸಿದ್ದೂ ಸ್ಟಾಕಿಗೆ. ಕ್ಲೇಮ್ ಬಂದರೂ ದುಡ್ಡು ಮೊದಲು ಹೋಗುವುದು ಸಾಲದ ಖಾತೆಗೇ, ಪಾಲಿಸಿಯಲ್ಲಿ ಆ ಷರತ್ತು ಇದೆ. ತಪ್ಪೇನಿಲ್ಲ, ಅವರ ಸಾಲ ಉಳಿಸಿಕೊಳ್ಳಲು ಅವರು ಮಾಡಿಸಿದ್ದಾರೆ. ನಿಮ್ಮ ಬೇಕರಿ ಉಳಿಸಿಕೊಳ್ಳುವ ವಿಮೆಯನ್ನು ನೀವೇ ಕೇಳಿ ಮಾಡಿಸಬೇಕು.

ಈಗ ಬೆಲೆಯ ವಿಷಯ. ನಿಮ್ಮ ಬೀದಿಯ ಬಟ್ಟೆ ಅಂಗಡಿಯವರಿಗೆ ಅರ್ಧ ದುಡ್ಡು ಬಂದದ್ದು ಬಹುಶಃ ಇದರಿಂದಲೇ. ದೀಪಾವಳಿಗೆ ನಿಮ್ಮ ಅಂಗಡಿಯಲ್ಲಿ 12 ಲಕ್ಷದ ಮಾಲು ಇದೆ ಅಂದುಕೊಳ್ಳಿ. ವಿಮೆ 8 ಲಕ್ಷಕ್ಕಿದೆ. ಬೆಂಕಿಯಲ್ಲಿ 6 ಲಕ್ಷದ ಮಾಲು ಹೋಯಿತು. ಎಲ್ಲರೂ ಅಂದುಕೊಳ್ಳುವುದು, 8 ಲಕ್ಷದವರೆಗೆ ವಿಮೆ ಇದೆಯಲ್ಲ, 6 ಲಕ್ಷ ಪೂರ್ತಿ ಬರುತ್ತದೆ ಅಂತ. ಬರುವುದಿಲ್ಲ. 12ಕ್ಕೆ 8ರಷ್ಟೇ ವಿಮೆ, ಅಂದರೆ ಮೂರರಲ್ಲಿ ಎರಡು ಪಾಲು. ಹಾಗಾಗಿ ನಷ್ಟದಲ್ಲೂ ಮೂರರಲ್ಲಿ ಎರಡು ಪಾಲು, 4 ಲಕ್ಷ. ಉಳಿದ 2 ಲಕ್ಷ ನಿಮ್ಮ ತಲೆ ಮೇಲೆ. ಇದಕ್ಕೆ 'ಆವರೇಜ್ ಕ್ಲಾಸ್', ಅಂದರೆ ಸರಾಸರಿ ಷರತ್ತು, ಅನ್ನುತ್ತಾರೆ. ಪ್ರೀಮಿಯಂ ಉಳಿಸಲು ವಿಮಾ ಮೊತ್ತ ಕಡಿಮೆ ಬರೆಸಿದವರಿಗೆ ಈ ಸಾಲು ಏನು ಮಾಡುತ್ತದೆ ಅನ್ನುವುದನ್ನು ನಾನೇ ಅವರ ಎದುರು ಕೂತು ಲೆಕ್ಕ ಹಾಕಿ ತೋರಿಸಬೇಕಾಗಿ ಬರುತ್ತಿತ್ತು. ಆ ಕೆಲಸದಲ್ಲಿ ನನಗೆ ತುಂಬ ಕಷ್ಟವಾಗುತ್ತಿದ್ದ ಗಳಿಗೆ ಅದು.

2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ಸಣ್ಣ ವ್ಯಾಪಾರಗಳಿಗೆ ಒಂದು ಒಳ್ಳೇ ಕೆಲಸ ಮಾಡಿದೆ. ಒಂದು ಜಾಗದಲ್ಲಿರುವ ಕಟ್ಟಡ, ಮಿಷನ್, ಮಾಲು ಎಲ್ಲ ಸೇರಿ 5 ಕೋಟಿ ರೂಪಾಯಿವರೆಗೆ ಇದ್ದರೆ 'ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ' ಅನ್ನುವ ಒಂದೇ ಮಾದರಿಯ ಪಾಲಿಸಿಯನ್ನು ಕಂಪನಿಗಳು ಕೊಡುತ್ತವೆ. ಇದರಲ್ಲಿ ವಿಮಾ ಮೊತ್ತ ನಿಜವಾದ ಬೆಲೆಗಿಂತ ಶೇ. 15ರವರೆಗೆ ಕಡಿಮೆ ಇದ್ದರೂ ಆ ಕಡಿತ ಮಾಡುವುದಿಲ್ಲ. ನಿಮ್ಮ ಮಾಲು 9 ಲಕ್ಷ ಇದ್ದು ವಿಮೆ 8 ಲಕ್ಷ ಇದ್ದರೆ ಕೊರತೆ ಶೇ. 11, ನಷ್ಟ ಪೂರ್ತಿ ಲೆಕ್ಕಕ್ಕೆ ಬರುತ್ತದೆ. 12 ಲಕ್ಷವಾದರೆ ಕೊರತೆ ಶೇ. 33, ಕಡಿತ ಶುರು. ಹಾಗಾಗಿ ವರ್ಷದಲ್ಲಿ ಅತಿ ಹೆಚ್ಚು ಮಾಲು ಇರುವ ದಿನವನ್ನು ನೆನೆದು ಮೊತ್ತ ಬರೆಸಿ. ಮಾಲಿಗೆ ನೀವು ಕೊಂಡ ಬೆಲೆ ಹಿಡಿಯಿರಿ, ಮಾರುವ ಬೆಲೆ ಬೇಡ. ಮಿಷನ್ನುಗಳಿಗೆ ಇವತ್ತು ಅದೇ ಮಿಷನ್ ಹೊಸದಾಗಿ ತರಲು ಎಷ್ಟಾಗುತ್ತದೋ ಅಷ್ಟು ಹಿಡಿಯಿರಿ. ಪಾಲಿಸಿಯಲ್ಲಿ 'ಮಾರ್ಕೆಟ್ ವ್ಯಾಲ್ಯೂ' ಅಂತ ಇದ್ದರೆ ಸವೆತ ಕಳೆದು ಕೊಡುತ್ತಾರೆ. 'ರೀಇನ್‌ಸ್ಟೇಟ್‌ಮೆಂಟ್ ವ್ಯಾಲ್ಯೂ' ಅಂತ ಬರೆಸಿದರೆ ಹೊಸದರ ಬೆಲೆ ಸಿಗುತ್ತದೆ. ಈ ಎರಡು ಪದಗಳ ನಡುವೆ ಹಳೇ ಓವನ್ ಒಂದರ ಮೇಲೇ ಲಕ್ಷದ ವ್ಯತ್ಯಾಸ ಬರಬಹುದು.

ಇನ್ನೊಂದು ಮಾತು, ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಪ್ರತಿ ತಿಂಗಳು ಬ್ಯಾಂಕಿಗೆ ಸ್ಟಾಕ್ ಸ್ಟೇಟ್‌ಮೆಂಟ್ ಕೊಡುತ್ತೀರಿ ಅಲ್ವಾ? ಸಿಸಿ ಲಿಮಿಟ್ ಪೂರ್ತಿ ಸಿಗಲಿ ಅಂತ ಅದರಲ್ಲಿ ಮಾಲು ಜಾಸ್ತಿ ತೋರಿಸುವವರು ಬಹಳ ಜನ. ಕೆಲವರು ಹೋದ ತಿಂಗಳ ಹಾಳೆಯನ್ನೇ ತಾರೀಕು ಬದಲಿಸಿ ಕೊಡುತ್ತಾರೆ. ಬೆಂಕಿ ಬಿದ್ದ ಮೇಲೆ ಸರ್ವೇಯರ್ ಬ್ಯಾಂಕಿನಿಂದ ಅದೇ ಹಾಳೆ ತರಿಸುತ್ತಾನೆ. ಜಿಎಸ್‌ಟಿ ರಿಟರ್ನ್, ಖರೀದಿ ಬಿಲ್ಲು, ಮಾರಾಟದ ಲೆಕ್ಕ ಪಕ್ಕದಲ್ಲಿ ಇಟ್ಟು ನೋಡುತ್ತಾನೆ. ಬ್ಯಾಂಕಿಗೆ 12 ಲಕ್ಷ, ಜಿಎಸ್‌ಟಿಯಲ್ಲಿ 6 ಲಕ್ಷ ಅಂತ ಬಂದರೆ ನಿಮ್ಮ ಯಾವ ಮಾತನ್ನೂ ಆಮೇಲೆ ನಂಬುವುದು ಕಷ್ಟವಾಗುತ್ತದೆ. ನಿಜವಾಗಿ ಸುಟ್ಟದ್ದಕ್ಕೂ ಅನುಮಾನ ಬರುತ್ತದೆ. ಈ ತಿಂಗಳಿನಿಂದಲೇ ಎಣಿಸಿದ್ದನ್ನೇ ಬರೆಯಿರಿ. ಖರೀದಿ ಬಿಲ್ಲುಗಳ ಫೋಟೋ ತೆಗೆದು ನಿಮ್ಮ ಇಮೇಲಿಗೋ ಊರಲ್ಲಿರುವ ತಂಗಿಯ ಫೋನಿಗೋ ಕಳಿಸಿ ಇಟ್ಟಿರಿ. ಅಂಗಡಿ ಸುಟ್ಟಾಗ ಪುಸ್ತಕವೂ ಸುಡುತ್ತದೆ.

ಶಾರ್ಟ್ ಸರ್ಕ್ಯೂಟಿನ ಬಗ್ಗೆ ಎಲ್ಲರಿಗೂ ಒಂದು ಗೊಂದಲ ಇದೆ. ಫ್ರೀಜರಿನ ಒಳಗೆ ಶಾರ್ಟ್ ಆಗಿ ಆ ಫ್ರೀಜರ್ ಮಾತ್ರ ಹಾಳಾದರೆ ಬೆಂಕಿ ವಿಮೆ ಕೊಡುವುದಿಲ್ಲ. ಅಲ್ಲಿಂದ ಬೆಂಕಿ ಹಬ್ಬಿ ಪಕ್ಕದ ಕೌಂಟರು, ಮಾಲು ಸುಟ್ಟರೆ ಅವಕ್ಕೆ ಕೊಡುತ್ತದೆ. ಮಿಷನ್ ತಾನಾಗಿ ಕೆಟ್ಟುಹೋಗುವುದಕ್ಕೆ 'ಮಷಿನರಿ ಬ್ರೇಕ್‌ಡೌನ್' ಅಂತ ಬೇರೆ ವಿಮೆ. ಕರೆಂಟ್ ಹೋಗಿ ಕೇಕು, ಬೆಣ್ಣೆ ಹಾಳಾದದ್ದೂ ಬೆಂಕಿ ವಿಮೆಗೆ ಬರುವುದಿಲ್ಲ. ನಿಮ್ಮ ಪ್ರಮಾಣದ ಬೇಕರಿಗೆ ಈ ಎರಡು ಈಗಲೇ ಬೇಕು ಅಂತ ನಾನು ಹೇಳುವುದಿಲ್ಲ. ಒಂದು ಫ್ರೀಜರ್ ಹೋದರೆ ತಡೆದುಕೊಳ್ಳಬಹುದು. ವಿಮೆಯ ದುಡ್ಡನ್ನು ತಡೆದುಕೊಳ್ಳಲು ಆಗದ ಪೆಟ್ಟಿಗೆ ಇಡಿ.

ಬೆಂಕಿ ಬಿದ್ದು ಎರಡು ತಿಂಗಳು ಬಾಗಿಲು ಹಾಕಿದರೆ ಹುಡುಗರ ಸಂಬಳ, ಸಾಲದ ಕಂತು, ನಿಮ್ಮ ಮನೆ ಖರ್ಚು ಎಲ್ಲಿಂದ? ಅದಕ್ಕೆ 'ಲಾಸ್ ಆಫ್ ಪ್ರಾಫಿಟ್' ಅನ್ನುವ ರಕ್ಷಣೆ ಬೇರೆಯಾಗಿ ತೆಗೆದುಕೊಳ್ಳಬೇಕು. ಬೆಂಕಿ ಕ್ಲೇಮ್ ಒಪ್ಪಿಗೆಯಾದರೆ ಮಾತ್ರ ಅದು ಕೆಲಸ ಮಾಡುತ್ತದೆ. 2020ರ ಲಾಕ್‌ಡೌನಿನಲ್ಲಿ ಎಷ್ಟೋ ವ್ಯಾಪಾರಿಗಳು ಇದನ್ನು ನಂಬಿ ಕೇಳಿದರು. ಅಂಗಡಿಗೆ ಬೆಂಕಿಯಂಥ ಯಾವ ಹಾನಿಯೂ ಆಗದೆ ವ್ಯಾಪಾರ ನಿಂತದ್ದಕ್ಕೆ ಈ ರಕ್ಷಣೆ ಅನ್ವಯಿಸುವುದಿಲ್ಲ. ಎದುರಿನ ರಸ್ತೆ ಅಗೆದು ಗಿರಾಕಿ ಬರದೇ ಇದ್ದರೂ ಅಷ್ಟೇ.

ಕಳ್ಳತನ: ಬೀಗದ ಪ್ರಶ್ನೆ

ನಿಮಗೆ ಕಳ್ಳತನದ ವಿಮೆ ಇಲ್ಲವೇ ಇಲ್ಲ. ಬೆಂಕಿ ವಿಮೆಯಲ್ಲಿ ಕಳ್ಳತನ ಬರುವುದು ಒಂದೇ ಸಂದರ್ಭದಲ್ಲಿ. ಬೆಂಕಿಯೋ ನೆರೆಯೋ ಆದ ಏಳು ದಿನದೊಳಗೆ ಅದೇ ಗಲಾಟೆಯಲ್ಲಿ ಯಾರಾದರೂ ಮಾಲು ಹೊತ್ತೊಯ್ದರೆ ಮಾತ್ರ. ಉಳಿದದ್ದಕ್ಕೆ 'ಬರ್ಗ್ಲರಿ' ಪಾಲಿಸಿ ಬೇಕು.

ಈ ಪಾಲಿಸಿಯಲ್ಲಿ ಕಳ್ಳತನ ಅಂದರೆ ಬಲವಂತದಿಂದ ಒಳಗೆ ನುಗ್ಗಿದ್ದು ಅಥವಾ ಹೊರಗೆ ಹೋದದ್ದು. ಬಾಗಿಲು ಒಡೆದಿರಬೇಕು, ಶಟರ್ ಮೀಟಿರಬೇಕು, ಕಿಟಕಿ ಸರಳು ಬಗ್ಗಿರಬೇಕು. ಅಥವಾ ಒಳಗಿದ್ದವರ ಮೇಲೆ ಬಲ ಬಳಸಿರಬೇಕು. ಸುಪ್ರೀಂ ಕೋರ್ಟ್ 2004ರಲ್ಲೇ ಒಂದು ಪ್ರಕರಣದಲ್ಲಿ ಇದನ್ನು ಖಚಿತವಾಗಿ ಹೇಳಿದೆ. ಪಾಲಿಸಿಯಲ್ಲಿ ಬಲವಂತದ ಷರತ್ತು ಇದ್ದರೆ, ಬರೀ ಕಳವು ಸಾಲದು.

ಒಂದು ಕಿರಾಣಿ ಅಂಗಡಿಗೆ ಹೋಗಿದ್ದೆ. ರಾತ್ರಿ ಬೀಗ ಒಡೆದು ಎಣ್ಣೆ ಡಬ್ಬ, ಸಿಗರೇಟ್ ಕಾರ್ಟನ್ ಎಲ್ಲ ಒಯ್ದಿದ್ದರು. ಯಜಮಾನರು ತುಂಬ ಶಿಸ್ತಿನ ಮನುಷ್ಯ. ನಾನು ಹೋಗುವಷ್ಟರಲ್ಲಿ ಅಂಗಡಿ ಗುಡಿಸಿ, ನೆಲ ತೊಳೆದು, ಹೊಸ ಬೀಗ ಹಾಕಿ, ಶಟರಿನ ಬಗ್ಗಿದ ಪಟ್ಟಿಯನ್ನು ಬಡಿಸಿ ನೇರ ಮಾಡಿಸಿಬಿಟ್ಟಿದ್ದರು. ಒಡೆದ ಬೀಗ ಎಲ್ಲಿ ಅಂತ ಕೇಳಿದೆ. ಗುಜರಿಯವನಿಗೆ ಕೊಟ್ಟೆ ಸರ್ ಅಂದರು. ಪೊಲೀಸರ ಪಂಚನಾಮೆಯಲ್ಲಿ ಬೀಗದ ಮಾತೇ ಇರಲಿಲ್ಲ. ಕೊನೆಗೆ ಪಕ್ಕದ ಮೆಡಿಕಲ್ ಸ್ಟೋರಿನ ಹುಡುಗ ಬೆಳಗ್ಗೆ ತೆಗೆದಿದ್ದ ಒಂದು ಫೋಟೋ ಸಿಕ್ಕಿತು. ಮೂಲೆಯಲ್ಲಿ ಆ ಬೀಗ ನೇತಾಡುತ್ತಿತ್ತು. ಆ ಒಂದು ಫೋಟೋ ಮೇಲೆ ಅವರ ಕ್ಲೇಮ್ ನಿಂತಿತು. ಹಾಗಾಗಿ ಹೇಳುತ್ತೇನೆ, ಏನೇ ಆಗಲಿ, ಸರ್ವೇಯರ್ ಬಂದು ನೋಡುವವರೆಗೆ ಗುಡಿಸಬೇಡಿ. ಅಪಾಯವಿದ್ದು ಸರಿಸಲೇಬೇಕಾದರೆ ಮೊದಲು ವಿಡಿಯೋ ಮಾಡಿ.

ಕೆಲಸದ ಹುಡುಗನೇ ಗಲ್ಲಾದಿಂದ ತೆಗೆದರೆ ಅದು ಬರ್ಗ್ಲರಿಗೆ ಬರುವುದಿಲ್ಲ, ಅದಕ್ಕೆ 'ಫಿಡೆಲಿಟಿ ಗ್ಯಾರಂಟಿ' ಅಂತಾರೆ. ಬ್ಯಾಂಕಿಗೆ ಕಟ್ಟಲು ಹೋಗುವಾಗ ದಾರಿಯಲ್ಲಿ ದುಡ್ಡು ಕಿತ್ತುಕೊಂಡರೆ 'ಮನಿ ಇನ್ಶೂರೆನ್ಸ್'. ಅಂಗಡಿಯವರ 'ಪ್ಯಾಕೇಜ್ ಪಾಲಿಸಿ'ಯಲ್ಲಿ ಬೆಂಕಿ, ಬರ್ಗ್ಲರಿ, ಹಣ ಮೂರನ್ನೂ ಒಟ್ಟಿಗೆ ಕೊಡುವ ಕಂಪನಿಗಳಿವೆ. ನಿಮಗೆ ಅದೇ ಸರಳ.

ಮೇಲಿನ ಮನೆ

ಹೋಮ್ ಲೋನ್ ಜೊತೆಗಿನ 25 ಲಕ್ಷದ ಪಾಲಿಸಿ ಮನೆಯ ವಿಮೆ ಅಲ್ಲ ಅಮ್ಮ. ಅದು ನಿಮ್ಮ ಯಜಮಾನರ ಜೀವ ವಿಮೆ. ಅವರಿಗೆ ಏನಾದರೂ ಆದರೆ ಉಳಿದ ಸಾಲ ತೀರುತ್ತದೆ. ಸಾಲ ಕಡಿಮೆಯಾದ ಹಾಗೆ ಅದರ ಮೊತ್ತವೂ ಇಳಿಯುತ್ತಾ ಹೋಗುತ್ತದೆ. ಒಳ್ಳೆಯದೇ, ಇರಲಿ. ಆದರೆ ಗೋಡೆಗೆ, ಸೂರಿಗೆ, ನಿಮ್ಮ ಬೀರು ಮಂಚಕ್ಕೆ ಅದರಲ್ಲಿ ಏನೂ ಇಲ್ಲ. ಸಾಲದಲ್ಲಿ ನೀವೂ ಜಂಟಿಯಾಗಿದ್ದೀರಿ, ಬೇಕರಿ ಅರ್ಧ ನಿಮ್ಮ ದುಡಿಮೆ. ನಿಮ್ಮ ಜೀವಕ್ಕೆ ಆ ಪಾಲಿಸಿಯಲ್ಲಿ ಜಾಗವೇ ಇಲ್ಲ ಅನ್ನುವುದನ್ನೂ ಗಮನಿಸಿ.

ಮನೆಗೆ 'ಭಾರತ್ ಗೃಹ ರಕ್ಷಾ' ಅಂತ ಪಾಲಿಸಿ ಇದೆ, ಇದೂ 2021ರಲ್ಲಿ ಬಂದದ್ದೇ. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ನೆರೆ, ಭೂಕುಸಿತ, ಗಲಭೆ, ನೀರಿನ ಟ್ಯಾಂಕ್ ಒಡೆಯುವುದು ಎಲ್ಲ ಇದರಲ್ಲಿ ಬರುತ್ತದೆ. 2018ರಲ್ಲಿ ಕೊಡಗಿನಲ್ಲಿ ಗುಡ್ಡ ಜರಿದು ಮನೆ ಕಳೆದುಕೊಂಡವರನ್ನು ನೆನೆದಾಗಲೆಲ್ಲ ನನಗೆ ಅನಿಸುತ್ತದೆ, ನಮ್ಮ ಜನ ಬೈಕಿಗೆ ಮರೆಯದೆ ವಿಮೆ ಮಾಡಿಸುತ್ತಾರೆ, ಜೀವಮಾನದ ದುಡಿಮೆ ಹಾಕಿದ ಮನೆಗೆ ಮಾಡಿಸುವುದಿಲ್ಲ. ಮೊತ್ತಕ್ಕೆ ಸೈಟಿನ ಬೆಲೆ ಸೇರಿಸಬೇಡಿ, ಮಣ್ಣು ಸುಡುವುದಿಲ್ಲ. ಮೇಲಿನ ಮನೆ 1,100 ಚದರಡಿ, ಕಟ್ಟಲು ಚದರಡಿಗೆ 2,000 ರೂಪಾಯಿ ಅಂತಿಟ್ಟುಕೊಂಡರೆ 22 ಲಕ್ಷ. ಕಟ್ಟಡಕ್ಕೆ ಇಷ್ಟು ಮಾಡಿಸಿದರೆ ಮನೆ ಸಾಮಾನಿಗೆ ಅದರ ಶೇ. 20, ಅಂದರೆ 4.4 ಲಕ್ಷ, ತಾನಾಗಿ ಸೇರುತ್ತದೆ. ಹೀಗೆ ತಾನಾಗಿ ಸೇರುವುದಕ್ಕೆ 10 ಲಕ್ಷದ ಮಿತಿ ಇದೆ. ಈ ಪಾಲಿಸಿಯಲ್ಲಿ ಆವರೇಜ್ ಕಡಿತ ಇಲ್ಲ. ಒಡವೆ ಮಾತ್ರ ಪಟ್ಟಿ ಮಾಡಿ ಬೇರೆಯಾಗಿ ಸೇರಿಸಬೇಕು. ಬ್ಯಾಂಕ್ ಲಾಕರಿನಲ್ಲಿದ್ದರೂ ನಿಶ್ಚಿಂತೆ ಬೇಡ. ಬೆಂಕಿ, ಕಳ್ಳತನ ಅಥವಾ ಸಿಬ್ಬಂದಿಯ ಮೋಸದಿಂದ ಹೋದರೆ ಬ್ಯಾಂಕಿನ ಹೊಣೆ ಲಾಕರಿನ ವರ್ಷದ ಬಾಡಿಗೆಯ ನೂರು ಪಟ್ಟು, ಅಷ್ಟೇ. 2022ರ ಜನವರಿಯಿಂದ ರಿಸರ್ವ್ ಬ್ಯಾಂಕಿನ ನಿಯಮ ಅದು. 2,000 ರೂಪಾಯಿ ಬಾಡಿಗೆಗೆ 2 ಲಕ್ಷ.

ನಿಮ್ಮ ವಿಷಯದಲ್ಲಿ ಮುಖ್ಯವಾದದ್ದು ಇದು. ಗೃಹ ರಕ್ಷಾ ವಾಸದ ಮನೆಗೆ ಇರುವ ಪಾಲಿಸಿ. ಕೆಳಗೆ ಓವನ್ ಉರಿಯುತ್ತಿದೆ ಅನ್ನುವುದನ್ನು ಹೇಳದೆ ಇಡೀ ಕಟ್ಟಡವನ್ನು ಮನೆ ಅಂತ ಬರೆಸಿದರೆ ನಾಳೆ ಜಗಳ ಖಂಡಿತ. ಪ್ರಪೋಸಲ್ ಫಾರಂನಲ್ಲಿ, ಅಂದರೆ ವಿಮೆಯ ಅರ್ಜಿಯಲ್ಲಿ, 'ಕೆಳ ಅಂತಸ್ತು ಬೇಕರಿ, ಮೇಲಂತಸ್ತು ವಾಸ' ಅಂತ ಬರೆಸಿ. ಕೆಳಗಿನ ಕಟ್ಟಡ ಭಾಗವನ್ನು ಬೇಕರಿಯ ಸೂಕ್ಷ್ಮ ಪಾಲಿಸಿಗೆ ಹಾಕಿಸಿ. ಎರಡನ್ನೂ ಒಂದೇ ಕಂಪನಿಯಲ್ಲಿ ಮಾಡಿಸಿ. ಮೆಟ್ಟಿಲು, ವೈರಿಂಗು, ಮೋಟಾರು ಯಾವ ಪಾಲಿಸಿಗೆ ಸೇರಿದ್ದು ಅಂತ ಎರಡು ಕಂಪನಿಗಳು ವಾದ ಮಾಡುತ್ತಾ ಕೂತರೆ ನೀವು ನಡುವೆ ಸಿಕ್ಕಿಬೀಳುತ್ತೀರಿ. ಹಾಗೆಯೇ, ಮನೆಯ ಅಡುಗೆ ಗ್ಯಾಸ್ ಸಿಲಿಂಡರನ್ನು ಕೆಳಗೆ ಒಯ್ದು ಬಳಸಬೇಡಿ. ಗ್ರಾಹಕರಿಗಾಗಿ ತೈಲ ಕಂಪನಿಗಳು ಮಾಡಿಸಿರುವ ವಿಮೆಯ ರಕ್ಷಣೆ ಕನೆಕ್ಷನ್ ಇರುವ ಜಾಗದ ಬಳಕೆಗೆ ಇದೆ.

ಈಕೋ ಗಾಡಿ

ಇಲ್ಲಿ ಎರಡು ತೂತು. ಆರ್‌ಸಿ ನಿಮ್ಮ ಯಜಮಾನರ ಹೆಸರಿಗೆ ಬಂದಿದೆ, ಪಾಲಿಸಿ ಇನ್ನೂ ನಿಮ್ಮ ಅಣ್ಣನ ಹೆಸರಲ್ಲೇ ರಿನ್ಯೂ ಆಗುತ್ತಿದೆ. ಆನ್‌ಲೈನಿನಲ್ಲಿ ನಂಬರ್ ಹಾಕಿ ದುಡ್ಡು ಕಟ್ಟಿದರೆ ಆಯ್ತು ಅಂದುಕೊಂಡಿರಿ. ಗಾಡಿಗೆ ಡ್ಯಾಮೇಜ್ ಆದರೆ ಗಾಡಿ ಅಣ್ಣನದಲ್ಲ, ಪಾಲಿಸಿ ಯಜಮಾನರದಲ್ಲ. ಕ್ಲೇಮ್ ಅಲ್ಲೇ ನಿಲ್ಲುತ್ತದೆ. ಗಾಡಿ ಕೊಂಡ 14 ದಿನದೊಳಗೆ ಪಾಲಿಸಿಯ ಹೆಸರು ಬದಲಿಸಲು ಅರ್ಜಿ ಕೊಡಬೇಕಿತ್ತು. ಈಗಲಾದರೂ ಕೊಡಿ. ಅಣ್ಣನ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ನಿಮಗೆ ಬರುವುದಿಲ್ಲ, ಅದು ಗಾಡಿಯ ಆಸ್ತಿಯಲ್ಲ, ಮನುಷ್ಯನದ್ದು. ಆ ವ್ಯತ್ಯಾಸದ ದುಡ್ಡು ಕಟ್ಟಬೇಕಾಗುತ್ತದೆ.

ಎರಡನೆಯದು ಬಳಕೆ. ಅದು ಬಿಳಿ ಬೋರ್ಡಿನ ಖಾಸಗಿ ಕಾರು. ಖಾಸಗಿ ಕಾರಿನ ಪಾಲಿಸಿಯಲ್ಲಿ ಸ್ಯಾಂಪಲ್ ಮತ್ತು ಸ್ವಂತ ಲಗೇಜ್ ಬಿಟ್ಟು ಬೇರೆ ಸರಕು ಸಾಗಿಸುವ ಬಳಕೆಗೆ ರಕ್ಷಣೆ ಇಲ್ಲ. ದಿನಾ ಬೆಳಗ್ಗೆ ಹಿಂದಿನ ಸೀಟು ಕಳಚಿ ಬನ್ನು ಬ್ರೆಡ್ಡಿನ ಟ್ರೇ ಜೋಡಿಸಿಕೊಂಡು ಅಂಗಡಿ ಅಂಗಡಿಗೆ ಹೋಗುವುದು ಸರಕು ಸಾಗಣೆಯೇ. ಅಪಘಾತದ ಜಾಗದಲ್ಲಿ ರಸ್ತೆ ತುಂಬ ಬನ್ನು ಚೆಲ್ಲಿರುವ ಫೋಟೋ ಬಂದರೆ ಬೇರೆ ಸಾಕ್ಷಿ ಬೇಕಾ? ಎದುರಿನವರಿಗೆ ಪೆಟ್ಟಾಗಿದ್ದರೆ ನ್ಯಾಯಮಂಡಳಿ ಕೆಲವು ಸಲ ಕಂಪನಿಯಿಂದ ಅವರಿಗೆ ಕೊಡಿಸಿ, ಆ ದುಡ್ಡನ್ನು ನಿಮ್ಮಿಂದ ವಸೂಲು ಮಾಡಿಕೊಳ್ಳಲು ಕಂಪನಿಗೆ ಹಕ್ಕು ಕೊಡುತ್ತದೆ. ಅಂಥ ತೀರ್ಪು ಒಂದು ಬಂದರೆ ಮನೆಯೇ ಹೋದೀತು. ಗಾಡಿಯನ್ನು ಸರಕು ವಾಹನವಾಗಿ ಬದಲಿಸಲು ಆರ್‌ಟಿಒದಲ್ಲಿ ವಿಚಾರಿಸಿ. ಆಗದಿದ್ದರೆ ಡೆಲಿವರಿಗೆ ಹಳದಿ ಬೋರ್ಡಿನ ಆಟೋ ಗೊತ್ತು ಮಾಡಿಕೊಳ್ಳಿ. ನಿಮ್ಮ ಪಟ್ಟಿಯಲ್ಲಿ ನನಗೆ ಬೇಕರಿಯ ಬೆಂಕಿಗಿಂತ ಜಾಸ್ತಿ ಭಯ ಈ ಗಾಡಿಯದ್ದೇ.

ಮಳೆಗಾಲಕ್ಕೆ ಒಂದು ಮಾತು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಕಡೆ ನೀರು ನುಗ್ಗಿದಾಗ ಎಷ್ಟೋ ಗಾಡಿ ಮುಳುಗಿದವು. ನೀರಲ್ಲಿ ನಿಂತ ಗಾಡಿಯನ್ನು ಸ್ಟಾರ್ಟ್ ಮಾಡಿದರೆ ಎಂಜಿನ್ನಿಗೆ ನೀರು ಎಳೆದು ಹಾಳಾಗುತ್ತದೆ. 'ಎಂಜಿನ್ ಪ್ರೊಟೆಕ್ಟ್' ಸೇರಿಸದೆ ಇದ್ದರೆ ಆ ನಷ್ಟ ನಿಮ್ಮದೇ. ಕೀ ತಿರುಗಿಸದೆ ಟೋ ಮಾಡಿಸಿ.

ಆರು ಜನ ಹುಡುಗರು

ನೀವು ಕೇಳಲಿಲ್ಲ, ಆದರೂ ಹೇಳಲೇಬೇಕು. ಹತ್ತು ಜನ ಕೆಲಸಗಾರರು ಇರುವ ಕಡೆ ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆ, ಬರುತ್ತದೆ. ನಿಮ್ಮಲ್ಲಿ ಆರು ಜನ, ಹಾಗಾಗಿ ಅವರಿಗೆ ಇಎಸ್‌ಐ ಇಲ್ಲ. ಹಿಟ್ಟು ಕಲೆಸುವ ಮಿಷನ್ನಿಗೆ ಒಬ್ಬನ ಕೈ ಸಿಕ್ಕಿತು ಅಂದುಕೊಳ್ಳಿ. ಕೆಲಸದಲ್ಲಿ ಆದ ಪೆಟ್ಟಿಗೆ ಪರಿಹಾರ ಕೊಡುವ ಹೊಣೆ ಮಾಲೀಕರದ್ದು ಅನ್ನುವ ಕಾನೂನು ನಮ್ಮಲ್ಲಿ 1923ರಿಂದ ಇದೆ. ಅವನ ವಯಸ್ಸು, ಸಂಬಳ, ಎಷ್ಟು ಅಂಗವೈಕಲ್ಯ ಅನ್ನುವುದರ ಮೇಲೆ ಲೆಕ್ಕ. ಚಿಕ್ಕ ವಯಸ್ಸಿನವನಾದಷ್ಟೂ ಮೊತ್ತ ಜಾಸ್ತಿ. ಇದಕ್ಕೆ 'ಎಂಪ್ಲಾಯೀಸ್ ಕಾಂಪೆನ್ಸೇಶನ್' ಪಾಲಿಸಿ ಇದೆ. ಪ್ರೀಮಿಯಂ ಅವರ ಸಂಬಳದ ಮೇಲೆ ನಿಂತಿರುತ್ತದೆ. ಆರು ಜನ ಇದ್ದು ಮೂವರನ್ನು ತೋರಿಸಬೇಡಿ, ನಿಜವಾಗಿ ಕೊಡುವ ಸಂಬಳವನ್ನೇ ಬರೆಸಿ. ದಾವಣಗೆರೆಯಿಂದಲೋ ಒಡಿಶಾದಿಂದಲೋ ಬಂದ ಆ ಹುಡುಗನ ಹಿಂದೆ ಒಂದು ಮನೆ ಇರುತ್ತದೆ. ಅವನ ಕೈ ಹೋದ ದಿನ ನೀವು ಎಷ್ಟೇ ಒಳ್ಳೆಯವರಾಗಿದ್ದರೂ ಜೇಬಿನಲ್ಲಿ ದುಡ್ಡಿಲ್ಲದಿದ್ದರೆ ಏನು ಮಾಡುತ್ತೀರಿ?

ಆರೋಗ್ಯ, ಜೀವ

3 ಲಕ್ಷದ ಪಾಲಿಸಿಯಲ್ಲಿ ರೂಮ್ ಬಾಡಿಗೆ ದಿನಕ್ಕೆ ಶೇ. 1 ಅಂತ ಇದೆ, ಅಂದರೆ 3,000 ರೂಪಾಯಿ. ನೀವು 6,000 ರೂಪಾಯಿಯ ರೂಮ್ ತೆಗೆದುಕೊಂಡರೆ ಬರೀ ರೂಮಿನ ವ್ಯತ್ಯಾಸ ಕಟ್ಟಿದರೆ ಮುಗಿಯುವುದಿಲ್ಲ. ಡಾಕ್ಟರ ಫೀಸು, ಆಪರೇಶನ್ ಥಿಯೇಟರಿನ ಚಾರ್ಜು ಎಲ್ಲದರಲ್ಲೂ ಅರ್ಧ ಕಡಿಯುತ್ತಾರೆ. ಆ ಬಾಬ್ತು 1,20,000 ಇದ್ದರೆ 60,000 ನಿಮ್ಮದು. ಔಷಧಿ, ಇಂಪ್ಲಾಂಟ್, ಪರೀಕ್ಷೆಗಳಿಗೆ ಈ ಕಡಿತ ಮಾಡುವಂತಿಲ್ಲ, ಐಸಿಯುಗೂ ಮಾಡುವಂತಿಲ್ಲ. ಬಿಲ್ಲಿನಲ್ಲಿ ಅವಕ್ಕೂ ಕಡಿದಿದ್ದರೆ ಕೇಳಿ. ಆಸ್ಪತ್ರೆಗೆ ಸೇರುವಾಗಲೇ ನಮ್ಮ ಮಿತಿ 3,000, ಅದರೊಳಗಿನ ರೂಮ್ ಕೊಡಿ ಅಂತ ಹೇಳಿ. ರಿನ್ಯೂವಲ್ ಸಮಯದಲ್ಲಿ ರೂಮ್ ಮಿತಿ ಇಲ್ಲದ ಪಾಲಿಸಿಗೆ ಹೋಗಿ. 3 ಲಕ್ಷ ದಾಟಿದ ಖರ್ಚನ್ನು ಕೊಡುವ ಒಂದು 'ಸೂಪರ್ ಟಾಪ್ ಅಪ್' ಪಾಲಿಸಿ ಹಾಕಿಸಿದರೆ ಕಡಿಮೆ ಪ್ರೀಮಿಯಂನಲ್ಲಿ ದೊಡ್ಡ ಮೊತ್ತ ಸಿಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಮನೆಯವರ ಆರೋಗ್ಯ ಮತ್ತು ಜೀವ ವಿಮೆಯ ಪ್ರೀಮಿಯಂ ಮೇಲೆ ಜಿಎಸ್‌ಟಿ ಇಲ್ಲ, ಮೊದಲು ಶೇ. 18 ಇತ್ತು. ಯಜಮಾನರಿಗೆ ಶುಗರ್ ಇದ್ದರೆ ಮುಚ್ಚಿಡಬೇಡಿ. ಹೇಳಿದರೆ ಆ ಕಾಯಿಲೆಯ ಖರ್ಚು ಸಿಗಲು ಹೆಚ್ಚೆಂದರೆ ಮೂರು ವರ್ಷ ಕಾಯಬೇಕು. ಮುಚ್ಚಿಟ್ಟದ್ದು ಗೊತ್ತಾದರೆ ಪಾಲಿಸಿಯೇ ರದ್ದಾಗಬಹುದು. ನೀವಿಬ್ಬರಲ್ಲಿ ಯಾರಾದರೂ ಸಹಕಾರ ಸಂಘದ ಸದಸ್ಯರಾಗಿದ್ದರೆ ಸಂಘದಲ್ಲಿ ಯಶಸ್ವಿನಿ ಆರೋಗ್ಯ ಯೋಜನೆಯ ನೋಂದಣಿಯ ಬಗ್ಗೆಯೂ ಕೇಳಿ.

436 ರೂಪಾಯಿಯದು ಜೀವ ವಿಮೆ, 20 ರೂಪಾಯಿಯದು ಅಪಘಾತ ವಿಮೆ. ತಲಾ 2 ಲಕ್ಷ. ವರ್ಷ ಶುರುವಾಗುವುದು ಜೂನ್ 1ಕ್ಕೆ. ಆ ಸಮಯದಲ್ಲಿ ಖಾತೆಯಲ್ಲಿ ದುಡ್ಡು ಇಲ್ಲದಿದ್ದರೆ ಕಟ್ ಆಗುವುದಿಲ್ಲ, ವಿಮೆಯೂ ಇರುವುದಿಲ್ಲ. ನೀವು ಕಳಿಸಿದ ಪಾಸ್‌ಬುಕ್ ಫೋಟೋದಲ್ಲಿ ಈ ವರ್ಷದ 20 ರೂಪಾಯಿ ಇದೆ, 436 ಕಾಣಲಿಲ್ಲ. ಬ್ಯಾಂಕಿಗೆ ಹೋದಾಗ ಕೇಳಿ.

ವ್ಯಾಪಾರಸ್ಥರ ಮನೆಗೆ ಬೇಕಾದ ಒಂದು ಸೌಲಭ್ಯ ಯಾರೂ ಹೇಳುವುದಿಲ್ಲ. ನಿಮ್ಮದು ಸ್ವಂತ ಮಾಲೀಕತ್ವದ ವ್ಯಾಪಾರ, ಹಾಗಾಗಿ ವ್ಯಾಪಾರದ ಸಾಲಕ್ಕೆ ಮನೆಯ ಆಸ್ತಿಯೂ ಹೊಣೆ. ಯಜಮಾನರು ಟರ್ಮ್ ಪಾಲಿಸಿ, ಅಂದರೆ ಇಂತಿಷ್ಟು ವರ್ಷದ ಜೀವ ವಿಮೆ, ತೆಗೆದುಕೊಳ್ಳುವಾಗಲೇ 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ನಿಮ್ಮ ಮತ್ತು ಮಕ್ಕಳ ಹೆಸರಿಗೆ ಮಾಡಿಸಿದರೆ ಆ ದುಡ್ಡಿನ ಮೇಲೆ ಸಾಲ ಕೊಟ್ಟವರು ಕೈ ಹಾಕುವಂತಿಲ್ಲ. ಪ್ರಪೋಸಲ್ ಜೊತೆ ಒಂದು ಫಾರಂ ತುಂಬಿದರೆ ಆಯ್ತು. ಪಾಲಿಸಿ ಆದ ಮೇಲೆ ಸೇರಿಸಲು ಬರುವುದಿಲ್ಲ.

ಮೊದಲು ಯಾವುದು

ನಾಳೆ ಬೆಳಗ್ಗೆ ಬೇಕರಿಯ ವಿಳಾಸ. ಅದಕ್ಕೆ ಏಜೆಂಟರೂ ಬೇಡ. ಈ ವಾರದಲ್ಲಿ ಈಕೋದ ಹೆಸರು ಬದಲಾವಣೆ, ಮತ್ತು ಅದು ಸರಕು ಗಾಡಿ ಆಗುವವರೆಗೆ ಟ್ರೇ ಹಾಕುವುದನ್ನು ನಿಲ್ಲಿಸುವುದು. ಆಮೇಲೆ ದುಡ್ಡು ಕೂಡಿದ ಹಾಗೆ ಹುಡುಗರ ಪಾಲಿಸಿ, ಮಿಷನ್ನು ಮತ್ತು ಬರ್ಗ್ಲರಿ ಸೇರಿದ ಪ್ಯಾಕೇಜು, ಆರೋಗ್ಯದ ಟಾಪ್ ಅಪ್, ಮೇಲಿನ ಮನೆ. ಟರ್ಮ್ ಪಾಲಿಸಿಯನ್ನು ಯಜಮಾನರ ಮುಂದಿನ ಹುಟ್ಟುಹಬ್ಬಕ್ಕೆ ಮೊದಲೇ ತೆಗೆದುಕೊಳ್ಳಿ, ವಯಸ್ಸು ಒಂದು ಏರಿದರೆ ಪ್ರೀಮಿಯಂ ಏರುತ್ತದೆ. ಹೊಸ ಆರೋಗ್ಯ ಅಥವಾ ಜೀವ ವಿಮಾ ಪಾಲಿಸಿ ಕೈಗೆ ಬಂದ ಮೇಲೆ 30 ದಿನ ಓದಿ ನೋಡಲು ಸಮಯ ಇರುತ್ತದೆ, ಇಷ್ಟವಾಗದಿದ್ದರೆ ವಾಪಸ್ ಕೊಡಬಹುದು. ಆರೋಗ್ಯ ವಿಮೆಯ ಮುಖ್ಯ ವಿಷಯಗಳ ಹಾಳೆಯನ್ನು ಕನ್ನಡದಲ್ಲಿ ಕೊಡಿ ಅಂತ ಕೇಳಿ, ಕೇಳುವ ಹಕ್ಕು ನಿಮಗಿದೆ.

ಮುಂದೆ ಯಾವತ್ತಾದರೂ ಕ್ಲೇಮ್ ತಿರಸ್ಕಾರವಾಗಿ ಅನ್ಯಾಯ ಅನಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಸರಿಯಾದ ಉತ್ತರ ಬರದಿದ್ದರೆ ಬೆಂಗಳೂರಿನಲ್ಲಿ ವಿಮಾ ಲೋಕಪಾಲರ ಕಚೇರಿ ಇದೆ. ನಿಮ್ಮಂಥ ಸಣ್ಣ ವ್ಯಾಪಾರದ ಪಾಲಿಸಿಯನ್ನೂ ನೋಡುತ್ತಾರೆ, 50 ಲಕ್ಷದವರೆಗೆ ಪರಿಹಾರ ಕೊಡಿಸಬಹುದು, ಫೀಸಿಲ್ಲ, ವಕೀಲರೂ ಬೇಡ. ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ಹೋಗಬೇಕು.

ಬ್ಯಾಂಕಿಗೆ ಕೊಡುವ ಪತ್ರ ಹೀಗಿರಲಿ: "ನಮ್ಮ ಸಿಸಿ ಖಾತೆಗೆ ಸಂಬಂಧಿಸಿದ ಬೆಂಕಿ ವಿಮೆಯಲ್ಲಿ ರಿಸ್ಕ್ ಲೊಕೇಶನ್ ಹಳೇ ವಿಳಾಸದಲ್ಲಿದೆ. ಮಾಲು ಎರಡು ವರ್ಷದಿಂದ ಈ ಕೆಳಗಿನ ವಿಳಾಸದಲ್ಲಿದೆ. ಕೂಡಲೇ ವಿಮಾ ಕಂಪನಿಯಿಂದ ಎಂಡಾರ್ಸ್‌ಮೆಂಟ್ ಮಾಡಿಸಿ ಅದರ ಪ್ರತಿ ಕೊಡಬೇಕಾಗಿ ವಿನಂತಿ." ಕೆಳಗೆ ಪಾಲಿಸಿ ನಂಬರ್, ಹೊಸ ವಿಳಾಸ, ಇಬ್ಬರ ಸಹಿ. ಎರಡು ಪ್ರತಿ ಮಾಡಿ. ಒಂದರ ಮೇಲೆ ಬ್ಯಾಂಕಿನ ಸೀಲು, ತಾರೀಕು ಹಾಕಿಸಿಕೊಳ್ಳಿ. ಅದೇ ಪತ್ರವನ್ನು ವಿಮಾ ಕಂಪನಿಯ ಇಮೇಲಿಗೂ ಅವತ್ತೇ ಕಳಿಸಿ. ಎಂಡಾರ್ಸ್‌ಮೆಂಟ್, ಅಂದರೆ ಪಾಲಿಸಿಯ ತಿದ್ದುಪಡಿಯ ಹಾಳೆ, ಬಂದ ಮೇಲೆ ನನಗೆ ಒಂದು ಫೋಟೋ ಕಳಿಸಿ, ವಿಳಾಸ ಸರಿಯಾಗಿದೆಯಾ ನಾನೂ ಒಮ್ಮೆ ನೋಡುತ್ತೇನೆ.